ಅತ್ತೆಗೆ ಅಡುಗೆಮನೆ ಕಟ್ಟಿಕೊಟ್ಟ ಗೌಂಡಿ ಮಾಮಾ

ಅವರ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಸುಣ್ಣ, ಗಾರೆ, ಸಿಮೆಂಟು ಮುಟ್ಟಿ ಮುಟ್ಟಿ ಎರಡೂ ಅಂಗೈ ಹೊಳೆದಂಡೆಯ ಕಲ್ಲಿನ ಹಾಗೆ ಸವೆದಿದ್ದವು. ಬೆರಳ ತುದಿಗಳು ಮಾತ್ರ ಒಡೆದು, ಆ ಒಡಕುಗಳಲ್ಲಿ ಬಿಳಿ ಪುಡಿ ಕೂತಿರುತ್ತಿತ್ತು. ಮೊದಲ ದಿನ ಚಹಾ ಕೊಡುವಾಗ ನಾನು ಅದನ್ನೇ ನೋಡುತ್ತ ನಿಂತದ್ದು ಅವರಿಗೆ ತಿಳಿಯಿತು. ನಕ್ಕರು.

“ಒಮ್ಮೆ ಸವದತ್ತ್ಯಾಗ ಒಬ್ಬಾಂವ ಕೈ ನೋಡಿ ಭವಿಷ್ಯ ಹೇಳ್ತೇನಂತ ಹಿಡದಾ ಅಕ್ಕೋರ. ಹೊಳ್ಳಾಡಿಸಿ ನೋಡಿದಾ. ‘ನಿನ್ನ ಕೈಯಾಗ ಏನೂ ಬರದಿಲ್ಲೋ ಯಪ್ಪಾ’ ಅಂದ. ಬರದಿತ್ತು ತಮ್ಮಾ, ಎಲ್ಲಾ ಮಂದಿ ಗ್ವಾಡಿಗೆ ಹತ್ತಿ ಹೋಗೇತಿ ಅಂದ್ನಿ.”

ಸಂಪಗಾಂವದಿಂದ ಬೈಲಹೊಂಗಲಕ್ಕೆ ದಿನಾ ಸೈಕಲ್ ಮೇಲೆ ಬರುತ್ತಿದ್ದರು. ಹ್ಯಾಂಡಲ್ಲಿಗೆ ಬುತ್ತಿಯ ಗಂಟು, ಹಿಂದೆ ಗಾರೆ ಮೆತ್ತುವ ಕರಣಿ ಮತ್ತು ತೂಕದ ಗುಂಡು ಹಾಕಿದ ಗೋಣಿಚೀಲ. ಹೆಗಲ ಮೇಲೆ ಕೆಂಪು ಗೆರೆಯ ರುಮಾಲು. ನಾವೆಲ್ಲ ಅವರನ್ನು ಗೌಂಡಿ ಮಾಮಾ ಎನ್ನುತ್ತಿದ್ದೆವು. ಒಂದು ಕಲ್ಲನ್ನು ಗೋಡೆಗೆ ಇಡುವ ಮೊದಲು ಗೆಣ್ಣಿನಿಂದ ಬಡಿದು, ಕಿವಿ ಹತ್ತಿರ ಒಯ್ದು ಕೇಳುತ್ತಿದ್ದರು. ಕೆಲವು ಕಲ್ಲುಗಳನ್ನು ಏನೂ ಹೇಳದೆ ಬದಿಗಿಡುತ್ತಿದ್ದರು. ಯಾಕೆಂದು ಕೇಳಿದರೆ, “ಒಳಗ ಸುಳ್ಳ ಹೇಳಾಕ ಹತ್ತೇತ್ರಿ” ಎನ್ನುವರು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಆ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಊರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ನಮ್ಮ ಮನೆಯವರದು ಪೇಟೆಯಲ್ಲಿ ಅರಿವೆ ಅಂಗಡಿ. ಅಡುಗೆ ಎಲ್ಲ ಅತ್ತೆಯದೇ. ಮಣ್ಣಿನ ಗೋಡೆ, ಮಾಳಿಗೆಯಲ್ಲಿ ಒಂದೇ ಬೆಳಕಿಂಡಿ, ನೆಲಕ್ಕೆ ಹೂಳಿದ ಒಲೆ, ಮೂರು ತಲೆಮಾರಿನ ಹೊಗೆ ಕುಡಿದು ಕರ್ರಗಾದ ತೊಲೆಗಳು. ಆ ಕತ್ತಲೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರೆ ಪಡಸಾಲೆಯವರೆಗೆ ತಾಳ ಕೇಳಿಸುತ್ತಿತ್ತು.

ಅತ್ತೆಗೆ ಕಣ್ಣು ಮಂಜಾಗುತ್ತಿರುವುದು ನಮಗೆ ಬಹಳ ದಿನ ತಿಳಿಯಲೇ ಇಲ್ಲ. ಆಕೆಯೂ ಹೇಳಲಿಲ್ಲ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಸೆರಗಿಗೆ ಬೆಂಕಿ ಹತ್ತಿತ್ತು, ಅತ್ತೆ ಮಾತ್ರ ಇನ್ನೂ ತವೆಯ ಮೇಲಿನ ರೊಟ್ಟಿ ಹೊರಳಿಸುತ್ತಿದ್ದರು. ಕೊಡದ ನೀರು ಸುರಿದು ಆರಿಸಿದೆ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ನರ ಒಣಗಿದೆ, ಉಳಿದ ಬೆಳಕೂ ಎರಡು ಮೂರು ವರ್ಷಗಳಲ್ಲಿ ಹೋಗುತ್ತದೆ, ಆಪರೇಶನ್ ಮಾಡಿ ಉಪಯೋಗವಿಲ್ಲ ಎಂದರು. ಮನೆಗೆ ಬಂದವರೇ ನಮ್ಮ ಮನೆಯವರು ತೀರ್ಮಾನ ಮಾಡಿಬಿಟ್ಟರು.

“ಯವ್ವಾ, ಇನ್ನ ನೀ ಒಲಿ ಮುಂದ ಹೋಗಬ್ಯಾಡ. ಸಾಕು ದುಡದದ್ದು. ಅಡಗಿಮನಿ ಕೆಡವಿ ಹೊಸಾದು ಕಟ್ಟಸ್ತೇನಿ, ಇಕಿ ಮಾಡ್ತಾಳ.”

ಅತ್ತೆ “ಹೂಂ” ಎಂದರು, ಅಷ್ಟೇ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೆ ಖುಷಿಯಾಗಿತ್ತು. ಗ್ಯಾಸ್ ಕಟ್ಟೆ, ಗೋಡೆಗೆ ಬಿಳಿ ಟೈಲ್ಸು, ನಲ್ಲಿ, ಕಿಟಕಿ. ನನ್ನದೊಂದು ಅಡುಗೆಮನೆ. ಅತ್ತೆಯ ಆ ‘ಹೂಂ’ ಎಂಥದ್ದೆಂದು ನಾನು ಕೇಳಿಸಿಕೊಳ್ಳಲಿಲ್ಲ.

ಬೆಳಗಾವಿಯ ಒಬ್ಬ ಇಂಜಿನಿಯರು ಬರೆದುಕೊಟ್ಟ ನಕ್ಷೆ ಹಿಡಿದು ನಮ್ಮವರು ಗೌಂಡಿ ಮಾಮಾನನ್ನು ಕರೆಸಿದರು. ಮಾಮಾ ನಕ್ಷೆಯನ್ನು ನೆಲದ ಮೇಲೆ ಹರವಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

“ಅಡಗಿ ಯಾರು ಮಾಡೋರ್ರಿ ಸಾವ್ಕಾರ?”

“ಇನ್ನ ಮ್ಯಾಲ ನಮ್ಮ ಮನಿಯಾಕಿ.”

ಕೆಡವುವವರೆಗೆ ಒಲೆ ಬಿಡದ ಅತ್ತೆ ಬಾಗಿಲಾಚೆ ಅದರ ಮುಂದೆಯೇ ಕೂತಿದ್ದರು. ಅವರ ಕೈ ಹಿಂದಕ್ಕೆ ಹೋಯಿತು, ಗೂಡಿನಲ್ಲಿದ್ದ ಉಪ್ಪಿನ ಡಬ್ಬಿ ಹಿಡಿಯಿತು, ಮುಂದಕ್ಕೆ ಬಂತು. ಮುಖ ಮಾತ್ರ ಹಿಂದೆ ತಿರುಗಲಿಲ್ಲ. ಮಾಮಾ ಅದನ್ನು ನೋಡಿದರು. ಅತ್ತೆಯ ಕಣ್ಣಿನ ವಿಷಯ ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ನಕ್ಷೆ ಮಡಚಿ ನಮ್ಮವರ ಕೈಗೆ ಕೊಟ್ಟು, “ನಾಳಿಗಿ ಕೆಡವೂದು ಬ್ಯಾಡ್ರಿ. ನಾಳಿಗಿ ನಾ ಸುಮ್ಮ ಕುಂತ ನೋಡ್ತೇನಿ” ಎಂದರು.

ಮರುದಿನ ಬಂದು ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು, “ಅವ್ವಾರ, ಒಳಗ ಬರಲ್ರ್ಯಾ?” ಎಂದು ಕೇಳಿದರು. ಹೊರಗಿನ ಗಂಡಸರು ಯಾರೂ ಅಲ್ಲಿಯವರೆಗೆ ಆ ಹೊಸ್ತಿಲು ದಾಟಿರಲಿಲ್ಲ. ಅತ್ತೆ “ಬರ್ರಿ ಗೌಂಡ್ಯಾರ. ನಿಮ್ಮ ಮನಿ ಅನಕೋರಿ” ಎಂದರು. ಮಾಮಾ ಮೂಲೆಯಲ್ಲಿ ಕಾಲು ಮಡಚಿ ಕೂತರು. ನಾನು ಶಾಲೆಗೆ ಹೋಗುವಾಗ ಕೂತಿದ್ದವರು ಮಧ್ಯಾಹ್ನ ಬಂದಾಗಲೂ ಅಲ್ಲೇ ಇದ್ದರು. ಕೈಯಲ್ಲಿ ಒಂದು ದಾರ. ಅತ್ತೆಯ ಕೈ ಎಲ್ಲೆಲ್ಲಿ ಮುಟ್ಟುತ್ತದೆಯೋ ಅಷ್ಟಷ್ಟಕ್ಕೆ ಅದರಲ್ಲಿ ಗಂಟು ಹಾಕಿದ್ದರು. ನಕ್ಷೆ ಅವರಿಗೆ ಮತ್ತೆ ಬೇಕಾಗಲಿಲ್ಲ. ಆ ದಾರವೇ ನಕ್ಷೆ.

“ನಿಂತ ರೊಟ್ಟಿ ಬಡೀತೀರೇನ್ರಿ ಅವ್ವಾರ?” ಎಂದು ಕೇಳಿದರು.

“ನಿಂತ ಬಡದ್ರ ಅದು ರೊಟ್ಟಿ ಅಲ್ಲ್ರಿ, ಸಿಟ್ಟು” ಎಂದರು ಅತ್ತೆ. ಮಾಮಾ ಹೊಟ್ಟೆ ಹಿಡಿದು ನಕ್ಕರು. ದಾರಕ್ಕೆ ಇನ್ನೊಂದು ಗಂಟು ಬಿತ್ತು.

ಗೋಡೆ ಕೆಡವಿದ ಮೇಲೆ ಒಂದು ತಿಂಗಳು ಹಿತ್ತಲಿನ ತಗಡಿನ ಕೆಳಗೆ ನಾನೇ ಬೇಯಿಸುತ್ತಿದ್ದೆ. ಅಲ್ಲಿ ಅತ್ತೆಗೆ ಯಾವುದೂ ಕೈಗೆ ಸಿಗುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಆತು, ಎರಡೂ ಕೈ ಮಡಿಲಲ್ಲಿಟ್ಟು ಕೂತಿರುತ್ತಿದ್ದರು. ಊಟ ಅರ್ಧಕ್ಕೆ ಇಳಿಯಿತು. ನಮ್ಮವರು, “ಹೆಂಗ ಆರಾಮ ಕುಂತಾಳ ನೋಡು” ಎಂದು ಸಮಾಧಾನಪಟ್ಟುಕೊಂಡರು. ಮಾಮಾ ಮಾತ್ರ ಮಣ್ಣಿನ ಬುಟ್ಟಿ ಹೊತ್ತು ಹೋಗುವಾಗೆಲ್ಲ ಆ ಖಾಲಿ ಕೈಗಳ ಕಡೆ ನೋಡುವರು.

ಗೋಡೆ ಎದ್ದು, ಕಟ್ಟೆಯ ಕಲ್ಲು ಕೂತ ಮೇಲೆ ಒಂದು ದಿನ ನಾನು ಶಾಲೆಯಿಂದ ಬಂದು ಹಿತ್ತಲಿನ ಒಲೆ ಹೊತ್ತಿಸುವಷ್ಟರಲ್ಲಿ ಒಳಗಿನಿಂದ ಅತ್ತೆಯ ನಗು ಕೇಳಿಸಿತು. ಎಷ್ಟೋ ದಿನಗಳ ಮೇಲಿನ ನಗು. ಇಣುಕಿ ನೋಡಿದೆ. ಗೌಂಡಿ ಮಾಮಾ ತಮ್ಮ ರುಮಾಲನ್ನು ಕಣ್ಣಿಗೆ ಬಿಗಿದು ಕಟ್ಟಿಕೊಂಡು, ಕೈ ಮುಂದೆ ಚಾಚಿ ಅಡುಗೆಮನೆಯಲ್ಲಿ ಓಡಾಡುತ್ತಿದ್ದರು. ಬಾಗಿಲಲ್ಲಿ ನಿಂತ ಅತ್ತೆ, “ಆ ಕಡೆ ಬ್ಯಾಡ್ರಿ ಗೌಂಡ್ಯಾರ, ಅಲ್ಲೆ ಹಲಗಿ ಐತಿ!” ಎನ್ನುವಷ್ಟರಲ್ಲಿ ಧಡ್ ಎಂದು ಅವರ ಹಣೆ ಬಡಿಯಿತು. ಮಾಮಾ ಕಣ್ಣಿನ ಕಟ್ಟು ಬಿಚ್ಚಲಿಲ್ಲ. ಹಣೆ ತಿಕ್ಕಿಕೊಂಡು, ಬಡಿದ ಕಪಾಟಿನ ಹಲಗೆಯನ್ನು ಸವರಿ ನೋಡಿ, “ಇದು ನಾಳಿಗಿ ಕಿತ್ತ ಹೋತು” ಎಂದರು.

ಅಷ್ಟರಲ್ಲಿ ನಮ್ಮವರು ಅಂಗಡಿಯಿಂದ ಬಂದರು. ಒಂದು ಮೂಲೆಯಲ್ಲಿ ನಕ್ಷೆಯಲ್ಲಿಲ್ಲದ ಗಿಡ್ಡ ಕಟ್ಟೆ, ಅದರ ಮುಂದೆ ಕೂರುವ ಮಣೆಯಷ್ಟು ಎತ್ತರದ ಕಲ್ಲು ಕಂಡಿತು. ನೆಲದ ಕಲ್ಲುಗಳಲ್ಲಿ ಅರ್ಧ ನುಣುಪು, ಅರ್ಧ ಒರಟು. ಸಿಟ್ಟು ನೆತ್ತಿಗೇರಿತು.

“ಏನ್ರಿ ಇದು? ನಾ ಹೇಳಿದ್ದೇನು, ನೀವು ಕಟ್ಟಿದ್ದೇನು? ಮಂದಿ ನೋಡಿದ್ರ ನಗ್ತಾರ!”

ಮಾಮಾ ರುಮಾಲು ಬಿಚ್ಚಿದರು. “ಮಂದಿ ಒಂದ್ಸಲ ಬಂದ್ ನೋಡಿ ಹೋಗ್ತಾರ್ರಿ ಸಾವ್ಕಾರ. ಅವ್ವಾರು ದಿನಾ ಇಲ್ಲೇ ಇರ್ತಾರ.”

“ಅವ್ವ ಇನ್ನ ಅಡಗಿ ಮಾಡೂದಿಲ್ಲ ಅಂತ ಮೊದಲ ಹೇಳೇನಲ್ಲ? ಬೆಂಕಿ ಹತ್ತಿ ಸತ್ರ ಯಾರ ಜವಾಬ್ದಾರಿ? ನೀವು?”

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಾಮಾ ಮೆಲ್ಲಗೆ ಆ ರುಮಾಲನ್ನು ನಮ್ಮವರ ಮುಂದೆ ಹಿಡಿದರು.

“ಸಿಟ್ಟ ಮಾಡಬ್ಯಾಡ್ರಿ. ಒಂದ್ಸಲ ಇದನ್ನ ಕಟಗೊಂಡ ಹಿತ್ತಲದಾಗಿಂದ ಒಂದ ಚರಗಿ ನೀರ ತಗೊಂಡ ಬರ್ರಿ. ನೀವು ತಂದ್ರ ನಾ ಎಲ್ಲಾ ಕೆಡವಿ ನಕ್ಷಾದಾಗ ಇದ್ದಂಗ ಕಟ್ತೇನಿ.”

ಹಟಕ್ಕೆ ಬಿದ್ದು ಕಟ್ಟಿಕೊಂಡರು. ಹುಟ್ಟಿ ಬೆಳೆದ ಮನೆ. ನಾಲ್ಕು ಹೆಜ್ಜೆ ಬಿರುಸಾಗಿ ನಡೆದರು, ಹಿತ್ತಲಿನ ಮೆಟ್ಟಿಲ ಹತ್ತಿರ ಎಡವಿದರು, ಸಾವರಿಸಿಕೊಂಡು ತಿರುಗಿದರು. ತಿರುಗಿದ್ದೇ ತಪ್ಪಾಯಿತು. ದಿಕ್ಕು ಹೋಯಿತು. ತಗಡಿನ ಕೆಳಗೆ ನನ್ನ ಒಲೆ ಇನ್ನೂ ಉರಿಯುತ್ತಿತ್ತು. ಅದರ ಝಳ ಮುಖಕ್ಕೆ ತಾಗಿದಾಗ ನಿಂತಲ್ಲೇ ನಿಂತರು. ಮುಂದೆ ಹೋಗಲೂ ಹೆದರಿಕೆ, ಹಿಂದೆ ಬರಲೂ ಹೆದರಿಕೆ. ಕೈಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ನಾನು ಓಡಲು ಹೊರಟೆ. ಮಾಮಾ ಕೈ ಅಡ್ಡ ಹಿಡಿದರು.

ನನಗಿಂತ ಮೊದಲು ಅತ್ತೆ ಇಳಿದಿದ್ದರು. ಗೋಡೆ ಸವರುತ್ತ ಮೆಟ್ಟಿಲಿಳಿದು, ಮಗನ ಉಸಿರಿನ ಸದ್ದು ಹಿಡಿದು ನಡೆದು, ಆ ಕೈಯನ್ನು ಹಿಡಿದುಕೊಂಡರು. “ಇಲ್ಲಿದೇನಿ ಬಾ. ಅಂಜಬ್ಯಾಡ. ಎರಡ ಹೆಜ್ಜಿ, ಆಮ್ಯಾಲ ಮೆಟ್ಟಲಾ” ಎನ್ನುತ್ತ ಒಳಗೆ ಕರೆತಂದರು.

ನಮ್ಮವರು ರುಮಾಲು ಬಿಚ್ಚಿದಾಗ ಅದು ಒದ್ದೆಯಾಗಿತ್ತು. ಅದನ್ನು ಮಾಮಾನ ಕೈಗೆ ಕೊಟ್ಟು, “ನಿಮಗ ತಿಳದಂಗ ಕಟ್ರಿ” ಎಂದಷ್ಟೇ ಹೇಳಿ ಅಂಗಡಿಗೆ ಹೋಗಿಬಿಟ್ಟರು.

ಆ ಸಂಜೆ ಕೈ ತೊಳೆಯುವಾಗ ಮಾಮಾ ನನಗೊಬ್ಬಳಿಗೇ ಹೇಳಿದರು. ಅವರ ತಂದೆಯೂ ಗೌಂಡಿ. ಸುಣ್ಣ ಅರಳಿಸುವಾಗ ಸಿಡಿದು ಎರಡೂ ಕಣ್ಣು ಹೋದವು. “ನಾವು ಭಾಳ ಪ್ರೀತಿ ಮಾಡಿದ್ವಿ ಅಕ್ಕೋರ. ಒಂದ ಕಲ್ಲ ಮುಟ್ಟಾಕ ಬಿಡಲಿಲ್ಲ. ಮೂಲ್ಯಾಗ ಕುಂದರ್ಸಿ ಕೈಯಾಗ ತುತ್ತ ಇಟ್ವಿ. ಎರಡ ವರ್ಷದಾಗ ಹೋದ್ರು. ರೋಗ ಏನೂ ಇರಲಿಲ್ಲ.” ಬೆರಳ ಒಡಕಿನ ಬಿಳಿ ಪುಡಿ ತಿಕ್ಕುತ್ತ, “ಆವಾಗ ನನಗ ಬುದ್ಧಿ ಇರಲಿಲ್ಲ” ಎಂದರು.

ಆಮೇಲೆ ಆ ಮನುಷ್ಯ ಏನು ಕಟ್ಟಿದರೆನ್ನುವುದನ್ನು ಹೇಳಲು ಇವತ್ತಿಗೂ ನನಗೆ ಮಾತು ಸಾಲದು. ನಡೆಯುವ ದಾರಿಗೆಲ್ಲ ನುಣುಪಾದ ಶಹಾಬಾದ ಕಲ್ಲು, ಒಲೆಯ ಮುಂದಿನ ಒಂದು ಮಾರಿಗೆ ಮಾತ್ರ ಒರಟು ಕಲ್ಲು. ಬರಿಗಾಲಿಗೆ ಒರಟು ತಾಗಿತೆಂದರೆ ಬೆಂಕಿ ಹತ್ತಿರ ಬಂತೆಂದು ಅರ್ಥ. ಕಟ್ಟೆಯ ಅಂಚಿಗೆ ಬೆರಳಷ್ಟು ಎತ್ತರದ ಏರು, ಯಾವ ಪಾತ್ರೆಯೂ ಜಾರಿ ಬೀಳುವಂತಿಲ್ಲ. ಗ್ಯಾಸಿನ ಒಲೆ ಅಲುಗದಂತೆ ಕಲ್ಲಿನಲ್ಲೇ ಕೊರೆದ ನಾಲ್ಕು ಕುಳಿ. ಗೋಡೆಯಲ್ಲಿ ಉಪ್ಪಿಗೆ ದುಂಡನೆಯ ಗೂಡು, ಸಕ್ಕರೆಗೆ ಚೌಕದ್ದು, ಖಾರದ ಪುಡಿಗೆ ಬಾಯಿ ಕಿರಿದಾದದ್ದು. ಕೈ ಒಳಗೆ ಹೋಗುವ ಮೊದಲೇ ಬೆರಳಿಗೆ ಗೊತ್ತಾಗಬೇಕು. ಕಿಟಕಿಯನ್ನು ಮೂಡಣಕ್ಕಿಟ್ಟು, “ಬಿಸಲು ಎಡಗಲ್ಲಕ್ಕ ಬಿತ್ತಂದ್ರ ಸಾಲಿಗಿ ಹೋಗೋರ ಬುತ್ತಿ ಕಟ್ಟೋ ಹೊತ್ತಾತು ಅಂತ ತಿಳಕೋರಿ ಅವ್ವಾರ” ಎಂದರು. ಮೂಲೆಗಳನ್ನೆಲ್ಲ ಕಲ್ಲಿನಿಂದ ತಿಕ್ಕಿ ತಿಕ್ಕಿ ದುಂಡಗೆ ಮಾಡಿದರು. ನಾಲ್ಕು ದಿನ ಅದೇ ಕೆಲಸ. ಗಿಡ್ಡ ಕಟ್ಟೆಯ ಮುಂದೆ ಅತ್ತೆಯನ್ನು ಕೂರಿಸಿ, ಮೊಣಕೈ ಎಲ್ಲಿಗೆ ಬರುತ್ತದೆಂದು ನೋಡಿ, ಎರಡು ಬೆರಳು ಹೆಚ್ಚಾಯಿತೆಂದು ಮೇಲಿನ ಕಲ್ಲು ಕಿತ್ತು ಮತ್ತೆ ಕೂರಿಸಿದರು. ನಾನು ಆಸೆಪಟ್ಟ ಬಿಳಿ ಟೈಲ್ಸೂ ಬಂದವು. ಅತ್ತೆಯ ಎತ್ತರ ಮುಗಿದ ಮೇಲಿನ ಗೋಡೆಗೆ.

ಹೊಸ ಅಡುಗೆಮನೆಯಲ್ಲಿ ಮೊದಲ ದಿನ ಅತ್ತೆ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡರು. ಪಡಸಾಲೆಯಲ್ಲಿ ನಾವು ಕಿವಿಯಾಗಿ ಕೂತೆವು. ನಮ್ಮವರು ಎರಡು ಸಲ ಎದ್ದರು, ಎರಡು ಸಲವೂ ಮಾಮಾ ಅವರ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದರು. ಒಳಗೆ ಡಬ್ಬಿಯ ಸದ್ದು, ನೀರಿನ ಸದ್ದು, ಬಹಳ ಹೊತ್ತು ಏನೂ ಇಲ್ಲ. ಆಮೇಲೆ ರೊಟ್ಟಿ ಬಡಿಯುವ ತಾಳ ಶುರುವಾಯಿತು. ಮಾಮಾ ಕಣ್ಣು ಮುಚ್ಚಿ, ಕಲ್ಲು ಕೇಳುವ ಹಾಗೆಯೇ ಕೇಳಿದರು.

“ಖರೇ ಐತಿ” ಎಂದರು.

ಡಾಕ್ಟರು ಹೇಳಿದ ಹಾಗೆಯೇ ಉಳಿದ ಬೆಳಕೂ ಹೋಯಿತು. ಆದರೆ ಅಡುಗೆ ನಿಲ್ಲಲಿಲ್ಲ. ನಾನು ಅತ್ತೆಯ ಪಕ್ಕದಲ್ಲಿ ನಿಂತು ನನ್ನ ಪಾಲಿನದು ಮಾಡುತ್ತಿದ್ದೆ. ಆಕೆಯ ಡಬ್ಬಿ ಜಾಗ ಬದಲಿಸಿದರೆ ಬೈಗುಳ ತಪ್ಪುತ್ತಿರಲಿಲ್ಲ. ಕಿತ್ತೂರಿಗೋ ಯರಗಟ್ಟಿಗೋ ಕೆಲಸಕ್ಕೆ ಹೊರಟಾಗೆಲ್ಲ ಮಾಮಾ ನಮ್ಮಲ್ಲಿ ಇಳಿದು, ಅಡುಗೆಮನೆಯನ್ನು ಒಂದು ಸುತ್ತು ಸವರಿ ನೋಡಿ, ಒಂದು ರೊಟ್ಟಿ ತಿಂದು ಹೋಗುತ್ತಿದ್ದರು.

ಎರಡು ಸಾವಿರದ ದಶಕದ ನಡುವೆ, ಒಂದು ಬೇಸಗೆಯಲ್ಲಿ, ಅವರು ತೀರಿಕೊಂಡ ಸುದ್ದಿ ಬಂತು. ಎದೆನೋವು ಬಂದು ಮನೆಯಲ್ಲೇ ಹೋಗಿದ್ದರು. ಕೇಳಿದ ಅತ್ತೆ ಅಳಲಿಲ್ಲ. “ಅವರ ಮನ್ಯಾಗ ಮೂರ ದಿನ ಒಲಿ ಹತ್ಸೂದಿಲ್ಲ” ಎಂದವರು ಹಿಟ್ಟಿನ ಡಬ್ಬಿಗೆ ಕೈ ಹಾಕಿದರು. ನಾನು ಹತ್ತಿರ ಹೋದರೆ, “ನೀ ಬರಬ್ಯಾಡ, ಇವತ್ತ ಒಬ್ಬಾಕಿನ ಮಾಡ್ತೇನಿ” ಎಂದರು. ಅರವತ್ತು ದಾಟಿದ, ಏನೂ ಕಾಣದ ಆಕೆ ಆ ಗಿಡ್ಡ ಕಟ್ಟೆಯ ಮುಂದೆ ಕೂತು ಎರಡು ದೊಡ್ಡ ಬುಟ್ಟಿ ತುಂಬುವಷ್ಟು ರೊಟ್ಟಿ ಬಡಿದರು. ಒಂದು ಪಾತ್ರೆ ಕಡಲೆಹಿಟ್ಟಿನ ಝುಣಕ, ಒಂದು ಪಾತ್ರೆ ಬದನೆಕಾಯಿ ಪಲ್ಯ. ಒಂದೂ ಸುಟ್ಟಿರಲಿಲ್ಲ.

ಟೆಂಪೋ ಮಾಡಿಕೊಂಡು ಮೂವರೂ ಸಂಪಗಾಂವಕ್ಕೆ ಹೋದೆವು. ಮಾಮಾನ ಹೆಂಡತಿ ನಮ್ಮನ್ನು ಮೊದಲು ಕಂಡಿರಲಿಲ್ಲ. ಬುಟ್ಟಿಯ ಬಟ್ಟೆ ಸರಿಸಿ, ಇನ್ನೂ ಬಿಸಿಯಾಗಿದ್ದ ರೊಟ್ಟಿಗಳನ್ನು ಮುಟ್ಟಿ, ಅಷ್ಟು ದುಃಖದಲ್ಲೂ ಬೆರಗಾಗಿ ಕೇಳಿದರು.

“ಇಷ್ಟೆಲ್ಲಾ ಯಾರು ಮಾಡ್ಯಾರ್ರಿ ಯವ್ವಾ?”

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಅತ್ತೆಯನ್ನು ತೋಳು ಹಿಡಿದು ಮುಂದೆ ಕರೆತಂದು, ಆ ಮನೆಯವರ ಎದುರಿಗೆ ನಿಲ್ಲಿಸಿದರು.

“ನಮ್ಮವ್ವ ಮಾಡ್ಯಾಳ್ರಿ” ಎಂದರು. “ಒಬ್ಬಾಕಿನ ಮಾಡ್ಯಾಳ.”