ಕರುವಿಗೆ ಗಿಣ್ಣು, ಕೂಸಿಗೆ ಹರಳೆಣ್ಣೆ

ನನ್ನ ಮೊದಲ ಬಾಣಂತನ ಆದದ್ದು ಕೆಂಗೇರಿಯ ತವರಿನಲ್ಲಿ, ಐವತ್ತರ ದಶಕದಲ್ಲಿ. ಬಾಣಂತನ ಅನ್ನುವುದಕ್ಕಿಂತ ನಮ್ಮಪ್ಪನ ತಾಯಿಯ ದರ್ಬಾರು ಅನ್ನುವುದೇ ಸರಿ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಗಂಡ, "ಅಜ್ಜಿ ಇದಾರಲ್ಲ, ಇನ್ನೇನು ಯೋಚ್ನೆ?" ಎಂದು ಬಸ್ಸು ಹತ್ತಿದ್ದರು. ಕೇರಿಯವರ ಬಾಯಲ್ಲೂ ಅದೇ ಮಾತು. ಅಜ್ಜಿ ಹನ್ನೊಂದು ಹೆತ್ತವಳು, ಅವಳಿಗೆ ಗೊತ್ತಿಲ್ಲದ್ದು ಯಾವುದು? ಹನ್ನೊಂದರಲ್ಲಿ ಉಳಿದದ್ದು ನಾಲ್ಕೇ ಎನ್ನುವುದನ್ನು ಮಾತ್ರ ಯಾರೂ ಬಾಯಿಬಿಡುತ್ತಿರಲಿಲ್ಲ.

ಹೆರಿಗೆಯಾದ ಸಂಜೆಯೇ ಎದೆ ಬಿಗಿದು, ದಪ್ಪನೆಯ ಹಳದಿ ಹಾಲು ಒಸರಿತು. ಕೂಸನ್ನು ಎದೆಗೆ ಹಿಡಿಯಲು ಹೋದರೆ ಅಜ್ಜಿ ಕಿತ್ತುಕೊಂಡಳು.

"ಥೂ, ಅದು ಕೆಟ್ಟ ಹಾಲು ಕಣೇ! ಮೂರು ದಿನ ಹಿಂಡಿ ಚೆಲ್ಲಬೇಕು. ಹೊಟ್ಟೆಗೆ ಹೋದ್ರೆ ಮಗು ಉಳಿಯಲ್ಲ."

ಹಿಂಡಿಸಿದಳು, ಚೆಲ್ಲಿಸಿದಳು. ಕೂಸಿನ ನಾಲಿಗೆಗೆ ಹರಳೆಣ್ಣೆ ಸವರಿ, ಸಕ್ಕರೆ ನೀರಿನಲ್ಲಿ ಅದ್ದಿದ ಬಟ್ಟೆ ಚೀಪಿಸಿದಳು. ನನಗೆ ಒಂದು ಹಿಡಿ ಅನ್ನ, ಮೆಣಸು, ಬೆಳ್ಳುಳ್ಳಿ. ನೀರು ಕೇಳಿದರೆ ಶೀತ, ಸೊಪ್ಪು ಕೇಳಿದರೆ ವಾಯು. ಅಮ್ಮನ ಮುಖ ನೋಡಿದೆ. ಅವಳು ಸೆರಗಿನ ತುದಿ ತಿರುಚುತ್ತಾ ನಿಂತಿದ್ದಳು. ಅತ್ತೆಯ ಎದುರು ಅವಳ ಬಾಯಿಗೆ ಯಾವಾಗಲೂ ಬೀಗ.

ಮೂರನೆಯ ದಿನದ ಹೊತ್ತಿಗೆ ಕೂಸು ಅಳುವುದನ್ನೇ ಬಿಟ್ಟಿತು. ತುಟಿ ಒಣಗಿ, ನೆತ್ತಿಯಲ್ಲಿ ಗುಳಿ ಬಿದ್ದಿತ್ತು. ಇದು ನನ್ನ ಕೈತಪ್ಪಿ ಹೋಗುತ್ತದೆ ಎಂದು ಜೀವ ಹಾರಿತು. ಅಜ್ಜಿಗೋ ಹೆಮ್ಮೆ.

"ನೋಡು, ಎಷ್ಟು ಸಾಧು ಮಗು!"

ಸಾಧುವಂತೆ, ಸಾಧು! ಅಳುವುದಕ್ಕೂ ಮೈಯಲ್ಲಿ ಕಸುವು ಬೇಡವೇ?

ಅಂದು ಬೆಳಿಗ್ಗೆಯೇ ನಮ್ಮ ಹಸು ಕರು ಹಾಕಿತು. ಬಾಣಂತಿ ಕೋಣೆಗೂ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ, ಎಲ್ಲ ಕೇಳಿಸುತ್ತಿತ್ತು. ಚಿಕ್ಕಪ್ಪನಿಗೆ ಗಿಣ್ಣು ತಿನ್ನುವ ಚಪಲ. ಕರುವನ್ನು ದೂರ ಕಟ್ಟಿ, ಚೊಂಬು ಹಿಡಿದು ಕರೆಯಲು ಕೂತಿದ್ದನೆಂದು ಕಾಣುತ್ತದೆ. ಅಜ್ಜಿ ಗಂಟಲು ಹರಿಯುವಂತೆ ಕೂಗಿದಳು.

"ಲೇ ಮುಠ್ಠಾಳ, ಬಿಚ್ಚೋ ಕರೂನ! ಮೊದಲ ಹಾಲು ಕುಡೀದೆ ಅದು ಎದ್ದು ನಿಂತ್ಕೊಳ್ಳುತ್ತೇನೋ? ಆ ಹಾಲಲ್ಲೇ ಕಣೋ ಜೀವ ಇರೋದು. ಅದರ ಹೊಟ್ಟೆ ತುಂಬ್ಲಿ, ಮಿಕ್ಕಿದ್ರೆ ನಿನ್ನ ಗಿಣ್ಣು."

ಆಹಾ, ಎಂಥಾ ಬುದ್ಧಿವಂತೆ! ಊರಿಗೆಲ್ಲಾ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ.

ಎದ್ದು ಬಾಗಿಲಿಗೆ ಅಗಳಿ ಹಾಕಿದೆ. ಕೂಸನ್ನು ಎದೆಗೆ ಒತ್ತಿಕೊಂಡರೆ ಬಾಯಿಯನ್ನೇ ತೆರೆಯಲಿಲ್ಲ. ತುಟಿಗೆ ಹಾಲು ಹಿಂಡಿದೆ, ಕೆನ್ನೆ ತಟ್ಟಿದೆ, ಇದ್ದಬದ್ದ ದೇವರನ್ನೆಲ್ಲ ಬೈದೆ. ಕೊನೆಗೂ ನಾಲಿಗೆ ಅಲ್ಲಾಡಿತು. ಅಷ್ಟರಲ್ಲಿ ಅಜ್ಜಿ ಬಾಗಿಲು ಬಡಿಯತೊಡಗಿದಳು.

"ಏನೇ ಮಾಡ್ತಾ ಇದೀಯ ಒಳಗೆ?"

"ಚಿಕ್ಕಪ್ಪಂಗೆ ಹೇಳ್ದ್ಯಲ್ಲಜ್ಜಿ, ಅದನ್ನೇ ಮಾಡ್ತಾ ಇದೀನಿ."

ಅಜ್ಜಿ ಬಾಗಿಲ ಸಂದಿಗೆ ಬಾಯಿಟ್ಟಳು.

"ಅದು ದನ ಕಣೇ. ಅದಕ್ಕೆ ತಾಯಿ ಬಿಟ್ರೆ ಯಾರಿದಾರೆ? ನಿನ್ನ ಮಗೂಗೆ ನಾವೆಲ್ಲ ಇಲ್ವೇನೇ?"

"ಇದೀರಲ್ಲ, ಅದಕ್ಕೇ ಉಪವಾಸ ಬಿದ್ದಿದೆ," ಅಂದೆ.

ಕೂಸು ಕುಡಿದು, ಉಸಿರು ತಿರುಗಿ, ಕಿವಿ ಹರಿಯುವಂತೆ ಅಳುವವರೆಗೂ ನಾನು ಅಗಳಿ ತೆಗೆಯಲಿಲ್ಲ.