ವಕೀಲರ ಮನೆಯ ನಲ್ಲಿಯಲ್ಲಿದ್ದ ತೊಗಲು

೧೯೫೮ರಲ್ಲಿ ನಾನು ಹೊಳೆನರಸೀಪುರದಲ್ಲಿ ನೀರು ಸರಬರಾಜಿನ ಫಿಟ್ಟರ್ ಆಗಿದ್ದೆ. ಹಾಸನದಲ್ಲಿ ಹೆಲ್ಪರ್ ಆಗಿ ಪೈಪು ಹೊತ್ತು, ಬೈಸಿಕೊಂಡು, ಸ್ಪ್ಯಾನರ್ ಹಿಡಿಯುವುದನ್ನು ಕಲಿತ ಮೇಲೆ ಸಿಕ್ಕ ಕೆಲಸ ಅದು. ಮನೆಯೊಳಗೆ ನಲ್ಲಿ ಹಾಕಿಸಿಕೊಂಡವರೇ ಆಗ ಕಡಿಮೆ. ಬಚ್ಚಲುಮನೆಯಲ್ಲಿ ಪಿಂಗಾಣಿಯ ವಾಷ್ ಬೇಸಿನ್ ಕೂರಿಸಿಕೊಂಡವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಥ ಒಂದು ಬೇಸಿನ್ನಿನ ಹಳೆಯ ನಲ್ಲಿಯನ್ನು ಬದಲಾಯಿಸಿದ ಕಥೆ ಇದು. ಆಮೇಲಿನ ನೌಕರಿಯಲ್ಲಿ ಊರಿಗೆ ಊರೇ ಬಾಯಾರುವ ಹಾಗೆ ದೊಡ್ಡ ಪೈಪು ಒಡೆದದ್ದನ್ನೂ ಕಂಡಿದ್ದೇನೆ. ಅವೆಲ್ಲ ಹೆಚ್ಚುಕಮ್ಮಿ ಮರೆತಿವೆ. ಇದು ಮಾತ್ರ ಮರೆತಿಲ್ಲ.

ನಲ್ಲಿಯ ಒಳಗೆ ಏನಿರುತ್ತದೆ ಎಂದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಪಿಡಿ ತಿರುಗಿಸಿದರೆ ಒಂದು ಕಡ್ಡಿ ಕೆಳಗಿಳಿದು ನೀರಿನ ಬಾಯಿ ಮುಚ್ಚುತ್ತದೆ. ಆ ಕಡ್ಡಿಯ ತುದಿಯಲ್ಲಿರುವ ಬಿಲ್ಲೆಗೆ ವಾಷರ್ ಎನ್ನುತ್ತೇವೆ. ಬಿಲ್ಲೆ ಕೂರುವ ಹಿತ್ತಾಳೆಯ ಅಂಚಿಗೆ ಸೀಟು. ಆಗೆಲ್ಲ ತಣ್ಣೀರಿನ ನಲ್ಲಿಗಳಿಗೆ ತೊಗಲಿನ ವಾಷರ್ ಹಾಕುತ್ತಿದ್ದರು. ಸ್ಟೋರಿಗೆ ಬರುತ್ತಿದ್ದ ವಾಷರ್‌ಗಳು ಯಾವತ್ತೂ ಸಾಲುತ್ತಿರಲಿಲ್ಲ. ಹಾಗಾಗಿ, ನಮ್ಮ ಓವರ್ಸಿಯರ್ ಒಪ್ಪಿಗೆಯ ಮೇಲೆ, ನನಗೆ ಬೇಕಾದ ವಾಷರ್‌ಗಳನ್ನು ನಮ್ಮಪ್ಪನೇ ಕೊಯ್ದು ಕೊಡುತ್ತಿದ್ದ.

ನಾವು ತೊಗಲು ಕೆಲಸದವರು. ಅರಕಲಗೂಡು ತಾಲ್ಲೂಕು, ರುದ್ರಪಟ್ಟಣದ ಕಡೆಯ ಒಂದು ಹಳ್ಳಿ. ಅಪ್ಪ ಮೆಟ್ಟು ಹೊಲಿಯುತ್ತಿದ್ದ, ಆದರೆ ಅವನ ಹೆಸರು ನಿಂತಿದ್ದದ್ದು ಕಪಿಲೆ ಬಾನಿಯ ಮೇಲೆ, ಅಂದರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ದೊಡ್ಡ ತೊಗಲ ಚೀಲದ ಮೇಲೆ. ಪಂಪ್‌ಸೆಟ್ಟುಗಳು ಬರತೊಡಗಿದ ಮೇಲೆ ಬಾನಿ ಕೇಳುವವರು ಕಡಿಮೆಯಾದರು. ಮೆಟ್ಟಿಗೂ ಅಂಗಡಿ ಚಪ್ಪಲಿ ಅಡ್ಡ ಬಂತು. ಕೈ ಸುಮ್ಮನೆ ಇಟ್ಟುಕೊಂಡು ಕೂತು ಕೂತು ಅಪ್ಪ ಮಂಕಾಗಿಬಿಟ್ಟಿದ್ದ. ಅಂಥ ಹೊತ್ತಿನಲ್ಲಿ ನಾನು ವಾಷರ್ ಕೇಳಿದ್ದು. ತೊಗಲನ್ನು ಹರಳೆಣ್ಣೆಯಲ್ಲಿ ನೆನೆಹಾಕಿ, ರಂಪಿಗೆ ಎಂಬ ಅಗಲ ಚೂರಿಯಿಂದ ಬಿಲ್ಲೆ ಕೊಯ್ದು, ಉಳಿಯಿಂದ ನಡುವೆ ತೂತು ಕೊಡುತ್ತಿದ್ದ. ಶನಿವಾರ ನಾನು ಬಸ್ಸಿಳಿದು ಮನೆಗೆ ಬಂದರೆ ಅವನ ಮೊದಲ ಮಾತೇ, "ಎಷ್ಟು ಬೇಕ್ಲಾ ಈ ಸಲ?" ಕೇರಿಯವರ ಮುಂದೆ ಒಂದು ಹೆಮ್ಮೆ ಬೇರೆ: "ಹೊಳೆನರಸೀಪುರದೋರು ಕುಡಿಯೋ ನೀರು ನನ್ನ ತೊಗ್ಲು ಸಂದೀಲೇ ಬತ್ತದೆ ಕಣ್ರಪ್ಪಾ." ನಮ್ಮ ಕೇರಿಗೆ ಆಗ ಇನ್ನೂ ನಲ್ಲಿ ಬಂದಿರಲಿಲ್ಲ.

ಅಪ್ಪ ಒಂದು ಮಾತನ್ನು ಮಾತ್ರ ಪ್ರತಿಸಲವೂ ಹೇಳುತ್ತಿದ್ದ. "ಯಾರ ಮುಂದೂ ನಲ್ಲಿ ಬಿಚ್ಬ್ಯಾಡ. ಮನೆಯೋರಿಗೆ ಬೆನ್ನು ಮಾಡ್ಕೊಂಡು ಕೂತ್ಕೊ." ಯಾಕೆಂದು ಕೇಳಿದರೆ ಹೇಳುತ್ತಿರಲಿಲ್ಲ. ಮುದುಕನಿಗೆ ತನ್ನ ಕಸುಬಿನ ಗುಟ್ಟು ಬಯಲಾಗುವ ಭಯ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ.

ಹೊಳೆನರಸೀಪುರದ ಆ ಮನೆ ಒಬ್ಬ ವಕೀಲರದು. ನಾನು ಹಿತ್ತಿಲ ಬಾಗಿಲಿಂದ ಬಚ್ಚಲುಮನೆಗೆ ಹೋಗುತ್ತಿದ್ದೆ. ನಾನು ಹೋದ ಮೇಲೆ ನಲ್ಲಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆಂದು ನನಗೆ ಗೊತ್ತಿತ್ತು; ಮುಂದಿನ ಸಲ ಹೋದಾಗ ಅದರ ಹೊಳಪೇ ಹೇಳುತ್ತಿತ್ತು. ಆದರೂ ಆ ಮನೆಯಲ್ಲಿ ನನ್ನನ್ನು ಮಾತಾಡಿಸುವ ಒಂದು ಜೀವವಿತ್ತು. ವಕೀಲರ ತಾಯಿ, ಎಪ್ಪತ್ತು ದಾಟಿದ ಅಜ್ಜಿ. ಬಾವಿಯಲ್ಲಿ ಸೇದಲು ತೋಳಿನಲ್ಲಿ ಶಕ್ತಿ ಉಳಿದಿರಲಿಲ್ಲವಾದ್ದರಿಂದ ಬೆಳಗಿನ ಮುಖಮಾರ್ಜನ, ಆಚಮನ ಎಲ್ಲಕ್ಕೂ ಅವರಿಗೆ ಆ ಬೇಸಿನ್ನೇ ಗತಿ. ಹೇಮಾವತಿ ತಾನಾಗಿ ಮನೆಗೆ ಬಂದಿದ್ದಾಳೆ ಎನ್ನುತ್ತಿದ್ದರು. ನನ್ನ ಕೆಲಸ ಮುಗಿದರೆ ಜಗಲಿಯಿಂದ ಮಜ್ಜಿಗೆ ಎತ್ತಿ ಹೊಯ್ಯುತ್ತಿದ್ದರು. ಬೊಗಸೆಯೊಡ್ಡಿ ಕುಡಿಯುತ್ತಿದ್ದೆ. ಇಂಗು, ಕರಿಬೇವು ಹಾಕಿದ ಒಳ್ಳೆಯ ಮಜ್ಜಿಗೆ.

ಆ ಬೇಸಿಗೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಕರೆ ಬಂತು. ಬಿಚ್ಚಿದೆ. ಅಜ್ಜಿ ಬಾಗಿಲ ಹತ್ತಿರವೇ ಕೂತಿದ್ದರು. ಎರಡು ವರ್ಷದ ಹಿಂದೆ ನಾನೇ ಹಾಕಿದ್ದ ಅಪ್ಪನ ವಾಷರ್ ಹಾಗೇ ಇತ್ತು. ಮರಳು ಉಜ್ಜಿ ಉಜ್ಜಿ ಹಿತ್ತಾಳೆಯ ಸೀಟಿನಲ್ಲಿ ಗೀರು ಬಿದ್ದು, ಅಲ್ಲಿಂದ ನೀರು ನುಸುಳುತ್ತಿತ್ತು.

"ಅದೇನಪ್ಪಾ ಕರೀ ಬಿಲ್ಲೆ?" ಎಂದರು ಅಜ್ಜಿ.

"ವಾಷರ್ ಅಮ್ಮಾವ್ರೇ. ತೊಗಲಿಂದು. ನಮ್ಮಪ್ಪನೇ ಕುಯ್ದಿದ್ದು."

ಹೆಮ್ಮೆಯಿಂದಲೇ ಹೇಳಿದ್ದೆ. ಅಜ್ಜಿ ಬೈಯಲಿಲ್ಲ. "ಇಷ್ಟು ದಿನ ಇದನ್ನ ಮುಟ್ಟಿಕೊಂಡೇ ಬರ್ತಿತ್ತೇ ನೀರು?" ಎಂದು ಮೆಲ್ಲಗೆ ಕೇಳಿ, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಸೋರುತ್ತಿರುವುದು ವಾಷರಿನಿಂದಲ್ಲ, ಸೀಟು ಸವೆದಿದೆ ಎಂದು ನಾನು ಹೇಳುವ ಹೊತ್ತಿಗೆ ಬಚ್ಚಲುಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಬಿಚ್ಚಿದ್ದನ್ನು ಹಾಗೇ ಮತ್ತೆ ಜೋಡಿಸಿ ಬಂದೆ. ಅವತ್ತು ಮಜ್ಜಿಗೆಯೂ ಬರಲಿಲ್ಲ.

ಕೆಲವು ದಿನ ಬಿಟ್ಟು ವಕೀಲರೇ ನಮ್ಮ ಆಫೀಸಿಗೆ ಬಂದರು. ಸಜ್ಜನರು, ಹೇಗೆ ಹೇಳಲಿ ಎಂದು ಅವರಿಗೂ ಸಂಕೋಚ. "ಅಮ್ಮ ಬೇಸಿನ್ ಹತ್ತಿರವೇ ಹೋಗ್ತಿಲ್ಲಪ್ಪ. ತಾನೇ ಸೇದಿಕೊಳ್ತೀನಿ ಅಂತ ಹಟ ಮಾಡಿ ಬಾವಿಕಟ್ಟೆ ಮೇಲೆ ಜಾರಿಬಿದ್ದರು. ಪುಣ್ಯಕ್ಕೆ ಮೂಳೆ ಮುರೀಲಿಲ್ಲ. ಮೈಸೂರಿಂದ ಹೊಸ ನಲ್ಲಿ ತರಿಸಿದೀನಿ, ರಬ್ಬರ್ ವಾಷರಿಂದು. ನೀನು ಮನಸ್ಸಿಗೆ ಹಚ್ಚಿಕೋಬೇಡ, ಹಾಕಿಕೊಡು."

ಹಾಕಿಕೊಟ್ಟೆ. ಹಳೆಯ ನಲ್ಲಿ ಸುಲಭವಾಗಿ ಬಿಡಲಿಲ್ಲ. ಬೇಸಿನ್ನಿನ ಅಡಿಯಲ್ಲಿ ಅದನ್ನು ಬಿಗಿಹಿಡಿದಿದ್ದ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಜೋರು ಮಾಡಿದರೆ ಪಿಂಗಾಣಿ ಸೀಳುತ್ತದೆ. ಸೀಮೆಎಣ್ಣೆ ಬಿಟ್ಟು, ಕಾದು, ಅಂಗಾತ ಮಲಗಿಕೊಂಡು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ. ತುಕ್ಕು ಕಣ್ಣಿಗೆ ಉದುರುತ್ತಿತ್ತು. ಈ ನಲ್ಲಿ ಹೋದರೆ ಬೀದಿಯ ಉಳಿದ ನಲ್ಲಿಗಳೂ ಹೋಗುತ್ತವೆ, ಅಪ್ಪನ ಕೈಯಲ್ಲಿ ಉಳಿದಿದ್ದ ಒಂದೇ ಕೆಲಸವನ್ನು ನಾನೇ ಬಿಚ್ಚುತ್ತಿದ್ದೇನೆ ಎನಿಸಿತು. ಕೈ ನಿಲ್ಲಿಸಲು ಆಗುವುದಿಲ್ಲವಲ್ಲ, ನೌಕರಿ. ಹೊಸ ನಲ್ಲಿಯ ತಿರುಪಿನ ಗೆರೆಗಳಿಗೆ ನೀರು ಸೋರದಂತೆ ಸಫೇದ ಎಂಬ ಬಿಳಿ ಬಣ್ಣ ಹಚ್ಚಿ, ಸಣಬು ಸುತ್ತಿ, ಕೂರಿಸಿ ನೀರು ಬಿಟ್ಟೆ. ಒಂದು ತೊಟ್ಟೂ ಸೋರಲಿಲ್ಲ.

ಅಜ್ಜಿ ಕುಂಟುತ್ತ ಬಂದರು. "ಇದರಲ್ಲಿ ಇಲ್ಲ ತಾನೇ?"

"ಇಲ್ಲ ಅಮ್ಮಾವ್ರೇ. ರಬ್ಬರು."

ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದರು. ಎಷ್ಟೋ ದಿನದಿಂದ ಕಾದಿದ್ದವರ ಹಾಗೆ ಮತ್ತೆ ಮತ್ತೆ ಮುಖಕ್ಕೆ ಹಾಕಿಕೊಂಡರು. "ನಿನ್ನ ಹೊಟ್ಟೆ ತಣ್ಣಗಿರಲಪ್ಪ" ಎಂದು ಮನಸಾರೆ ಹರಸಿದರು. ಮಜ್ಜಿಗೆಯೂ ಬಂತು. ಬೊಗಸೆಯೊಡ್ಡಿದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಹಿತ್ತಿಲಾಚೆ ಬಂದು ಅತ್ತುಬಿಟ್ಟೆ.

ಹಳೆಯ ನಲ್ಲಿಯನ್ನು ನೀನೇ ತೆಗೆದುಕೊಂಡು ಹೋಗು ಎಂದಿದ್ದರು ವಕೀಲರು. ಶನಿವಾರ ಊರಿಗೆ ಹೋದಾಗ ಅದು ನನ್ನ ಚೀಲದಲ್ಲಿತ್ತು. ತೋರಿಸುವ ಮನಸ್ಸಿರಲಿಲ್ಲ, ಚೀಲ ಎತ್ತಿಟ್ಟ ಅಪ್ಪನೇ ಭಾರ ನೋಡಿ ತೆಗೆದ. ಬಿಚ್ಚಿಕೊಡು ಎಂದ. ವಾಷರನ್ನು ಬೆಳಕಿಗೆ ಹಿಡಿದು ಉಗುರಲ್ಲಿ ಒತ್ತಿದ.

"ಮೆತ್ತಗೇ ಐತಲ್ಲೋ. ಎಣ್ಣೆ ಇನ್ನೂವೆ ಆರಿಲ್ಲ." ಆಮೇಲೆ ಸೀಟಿನ ಮೇಲೆ ಬೆರಳಾಡಿಸಿದ. "ಸವ್ದಿರೋದು ಇತ್ತಾಳೆ. ನಂದಲ್ಲ."

"ಊಂ ಕಣಪ್ಪ."

"ಮತ್ಯಾಕ್ಲಾ ರಬ್ಬರ್ ಆಕುಸ್ಕೊಂಡ್ರು?"

ರಬ್ಬರಿನ ವಿಷಯ ನಾನು ಹೇಳಿರಲೇ ಇಲ್ಲ. ನನ್ನ ಮುಖ ನೋಡಿದ ಅಪ್ಪ, ತಾನೇ ಮೆಲ್ಲಗೆ ಕೇಳಿದ, "ಯಾರಾರ ನೋಡ್ಬುಟ್ರಾ?"

ಹೌದೆಂದು ತಲೆಯಾಡಿಸಿದೆ. ಬೆನ್ನು ಮಾಡಿ ಕೂತ್ಕೊ ಎಂದು ಅವನು ಯಾಕೆ ಹೇಳುತ್ತಿದ್ದನೆಂದು ಆಗ ಗೊತ್ತಾಯಿತು. ಅವನಿಗೆ ಮೊದಲಿನಿಂದಲೂ ತಿಳಿದಿತ್ತು. ಕೇರಿಯವರ ಮುಂದೆ ಹೆಮ್ಮೆಪಡುವಾಗಲೂ ತಿಳಿದೇ ಇತ್ತು. ಅಪ್ಪ ವಾಷರನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿ, ಪಿಡಿ ಬಿಗಿಮಾಡಿ, ನಲ್ಲಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಎಷ್ಟು ಬೇಕ್ಲಾ ಎಂದು ಆಮೇಲೆ ಅವನು ಒಂದು ಶನಿವಾರವೂ ಕೇಳಲಿಲ್ಲ. ವರ್ಷದೊಳಗೆ ಆ ಬೀದಿಯವರೆಲ್ಲ ರಬ್ಬರ್ ಹಾಕಿಸಿಕೊಂಡರು. ೧೯೬೦ರಲ್ಲಿ ಅಪ್ಪ ತೀರಿಕೊಂಡಾಗ ಕೊಯ್ದಿಟ್ಟ ವಾಷರ್‌ಗಳು ಒಂದು ಡಬ್ಬಿಯಲ್ಲಿ ಹಾಗೇ ಇದ್ದವು.

ಚನ್ನರಾಯಪಟ್ಟಣಕ್ಕೆ ವರ್ಗವಾದ ಮೇಲೆ, ನಿವೃತ್ತನಾಗುವವರೆಗೂ, ನಾನು ಯಾವ ಮನೆಯಲ್ಲೂ ಬೆನ್ನು ತಿರುಗಿಸಿ ಕೂತು ನಲ್ಲಿ ಬಿಚ್ಚಲಿಲ್ಲ. ಮನೆಯವರನ್ನು ಹತ್ತಿರ ಕರೆದು, ಒಳಗಿರುವುದನ್ನೆಲ್ಲ ಅಂಗೈಯಲ್ಲಿಟ್ಟು, ಯಾವುದು ಸವೆದಿದೆ, ಯಾವುದು ಚೆನ್ನಾಗಿದೆ ಎಂದು ತೋರಿಸಿದ ಮೇಲೆಯೇ ಹೊಸದನ್ನು ಹಾಕುತ್ತಿದ್ದೆ. ಹಾಳಾಗದ್ದರ ಮೇಲೆ ತಪ್ಪು ಹೊರಿಸಿ ಎಸೆಯುವುದು ಬಹಳ ಸುಲಭ. ಅದನ್ನು ತಡೆಯುವುದೂ ಫಿಟ್ಟರ್‌ನ ಕೆಲಸವೇ ಎಂದು ಆ ಬೇಸಿನ್ ನನಗೆ ಕಲಿಸಿತು. ಕೆಲವರು ಕೇಳಿಸಿಕೊಂಡರು. ಕೆಲವರು ಮೂಗು ಮುರಿದರು.

೧೯೬೬ರಲ್ಲಿ ನಮ್ಮ ಕೇರಿಗೆ ನಲ್ಲಿ ಬಂತು. ರಜೆ ಹಾಕಿ ಹೋಗಿ ನಾನೇ ಕೂರಿಸಿದೆ. ಡಬ್ಬಿಯಿಂದ ಒಂದು ವಾಷರ್ ತೆಗೆದು, ಎಲ್ಲರೂ ನೋಡುತ್ತಿದ್ದಂತೆಯೇ ಹಾಕಿದೆ. ಯಾರೂ ಏನೂ ಕೇಳಲಿಲ್ಲ. ಬಿಂದಿಗೆಗಳನ್ನು ಸಾಲಾಗಿ ತಂದಿಟ್ಟರು. ಅಪ್ಪ ಇದ್ದಿದ್ದರೆ ಮೊದಲ ಬಿಂದಿಗೆ ಅವನದಾಗುತ್ತಿತ್ತು.