ನಾಲ್ಕರಲ್ಲಿ ಒಂದು

“ನಾಲ್ಕರಾಗ ಒಂದಲ್ರೀ ಡಾಕ್ಟ್ರ? ಆ ಒಂದು ಆಗಿ ಹೋತು. ಅಂದ್ರ ಮುಂದಿನ ಮೂರು ಕೂಸು ಛಲೋ ಬರ್ತಾವ, ಹೌದಿಲ್ಲೋ?”

ಕೇಳಿದವನು ನಾನೇ. ದುರ್ಗದಬೈಲಿನಲ್ಲಿ ಬಟ್ಟೆ ಮಾರಿ ಮೇಲೆ ಬಂದವನ ತರ್ಕ ಇದು. (ಡ್ಯಾಮೇಜ್ ಪೀಸ್ ಒಂದು ಹೊರಗೆ ಹೋದರೆ ಉಳಿದ ಮಾಲು ಚೊಕ್ಕ ಅಲ್ಲವೇ?) ಡಾಕ್ಟರಮ್ಮ ನಗಲಿಲ್ಲ.

“ಹಂಗಲ್ರೀ ಕಾಕಾ. ಪ್ರತಿ ಬಸಿರಿಗೂ ನಾಲ್ಕರಾಗ ಒಂದ. ಹಿಂದಿಂದು ಲೆಕ್ಕಕ್ಕ ಹಿಡಿಯಂಗಿಲ್ಲ.”

ಪಕ್ಕದಲ್ಲಿ ಸೊಸೆ ಪವಿತ್ರಾ, ಮೂರು ತಿಂಗಳ ಬಸುರಿ. ಆಕೆಯ ಮೊದಲ ಮಗ ಶಿವುಗೆ ಹುಟ್ಟುವಾಗಲೇ ಕಿವಿ ಪೂರ್ತಿ ಮೂಡಿರಲಿಲ್ಲ, ದವಡೆ ಸಣ್ಣದು. ಪಟ್ಟಿಯಿಂದ ತಲೆಗೆ ಕಟ್ಟುವ ಶ್ರವಣ ಮಷೀನ್‌ನಿಂದ ಕೇಳಿಸಿಕೊಳ್ಳುತ್ತಾನೆ. ಬುದ್ಧಿ ಮಾತ್ರ ಚುರುಕು. ಒಂದು ಚಾಕಲೇಟ್ ತೋರಿಸಿದರೆ ಎರಡಕ್ಕೆ ಚೌಕಾಸಿ ಮಾಡುತ್ತಾನೆ.

ಹೀಗೇಕೆ ಆಯಿತು ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ ಬಿಡಿಸಿ ಹೇಳಿದರು:

“ತಾರಿಹಾಳದಾಗ ಮಷೀನ್ ತಯಾರು ಮಾಡೋ ಕಾರ್ಖಾನಿ ಅದಾವಲ್ರಿ? ನಮ್ಮ ಜೀವಕೋಶದಾಗೂ ಮೈ ಕಟ್ಟೋ ಸಾಮಾನು ಮಾಡೋ ಅಂಥಾ ಮಷೀನ್ ಇರ್ತಾವ, ರೈಬೋಸೋಮ್ ಅಂತ. ಅದರ ಡ್ರಾಯಿಂಗ್ ಜೀನ್‌ನ್ಯಾಗ ಇರ್ತೈತಿ. ಅದನ್ನ ಓದಿ ತಪ್ಪಿಲ್ಲದಂಗ ಕಾಪಿ ತಗಿಯೋ ಪ್ರೋಟೀನ್‌ಗಳೊಳಗ ಒಂದು ನಿಮ್ಮ ಮೊಮ್ಮಗಗ ಸರಿ ಇಲ್ಲ. ಹೊಟ್ಯಾಗ ಗಲ್ಲ, ಕಿವಿ ಕಟ್ಟೋ ಹೊತ್ತಿನ್ಯಾಗ ಮಷೀನ್ ಸಾಲಲಿಲ್ಲ.”

ಕೆಟ್ಟ ಜೀನ್ ಅಪ್ಪನಿಂದ ಒಂದು, ಅವ್ವನಿಂದ ಒಂದು ಬಂದಿದೆ. ಅವರಿಬ್ಬರಲ್ಲೂ ಜೊತೆಗೊಂದು ಒಳ್ಳೆಯ ಜೀನ್ ಇರುವುದರಿಂದ ಗಟ್ಟಿಮುಟ್ಟಾಗಿದ್ದಾರೆ. ಆದರೆ ಒಂದೇ ರಕ್ತದವರು ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಅಡಗಿರುವ ಸಂಭವ ಹೆಚ್ಚಂತೆ.

ಪವಿತ್ರಾ ನನ್ನ ಅಕ್ಕನ ಮಗಳು. ಸಂಬಂಧ ಕುದುರಿಸಿದವನು ನಾನು. ಗೊತ್ತಿದ್ದ ಮನೆ, ಕಣ್ಣೆದುರು ಬೆಳೆದ ಹುಡುಗಿ, ವಿಚಾರಿಸುವ ತಾಪತ್ರಯವಿಲ್ಲ. “ಒಮ್ಮೆ ಡಾಕ್ಟರನ್ನ ಕೇಳೂಣಪ್ಪಾ” ಎಂದು ಮಗ ಅಂದಿದ್ದ. ನಾನು ಬಿಡಲಿಲ್ಲ.

ಶಿವು ಹುಟ್ಟಿದಾಗ ಏನಂದಿದ್ದೆ ಗೊತ್ತೇ? ಗ್ರಹಣ ಹಿಡಿದಾಗ ಬಸುರಿ ಪವಿತ್ರಾ ಬದನೆಕಾಯಿ ಹೆಚ್ಚಿದಳು, ಅದಕ್ಕೇ ಕೂಸು ಹೀಗಾಯಿತು ಎಂದು. ಅದೂ ಮನೆ ತುಂಬ ಬೀಗರಿದ್ದಾಗ.

ಓದುಗರೇ, ಒಳಸಂಬಂಧ ಮಾಡುವವರಿದ್ದರೆ ಜಾತಕಕ್ಕೆ ಓಡುವ ಮೊದಲು ಡಾಕ್ಟರ ಬಾಗಿಲು ತಟ್ಟಿರಿ. ನಾಚಿಕೆ ಬೇಡ.

ಹೊಟ್ಟೆಯಲ್ಲಿರುವ ಕೂಸಿನ ಸ್ಯಾಂಪಲ್ ಲ್ಯಾಬಿಗೆ ಹೋಗಿದೆ. ಅಂದಿನಿಂದ ಕಿವಿಯೆಲ್ಲ ಫೋನಿನ ಕಡೆಗೇ. ನಿನ್ನೆ ಗಿರಾಕಿಗೆ ಎರಡು ಮೀಟರ್ ಬದಲು ಮೂರು ಹರಿದುಕೊಟ್ಟೆ.

ಸ್ಯಾಂಪಲ್ ಕೊಟ್ಟು ಆಟೋದಲ್ಲಿ ಮರಳುವಾಗ ಪವಿತ್ರಾ ರಸ್ತೆ ನೋಡುತ್ತಲೇ ಕೇಳಿದ್ದಳು: “ಮಾಮಾ, ಇದೂ ಶಿವೂನಂಗ ಆದ್ರ, ಈ ಸಲ ಯಾರ ಮ್ಯಾಲ ಹಾಕ್ತೀರಿ?”

ನಾನು ಆಟೋದವನಿಗೆ ದಾರಿ ಹೇಳತೊಡಗಿದೆ. ಅವನಿಗೆ ದಾರಿ ಗೊತ್ತಿತ್ತು.

ರಿಪೋರ್ಟ್ ಶುಕ್ರವಾರ ಬರುತ್ತದೆ. ಆಕೆಗೆ ನಾನು ಅದಕ್ಕೂ ಮೊದಲೇ ಉತ್ತರ ಕೊಡಬೇಡವೇ?